ಡಿಶ್ ತಿರುಗಿಸುವ ಮೊದಲು ಜಾಯಿಂಟ್ ನೋಡಿ

ಹಳ್ಳಿಗೆ ಟಿ.ವಿ. ಬಂದ ಕಥೆ ಹೇಳುವವರೆಲ್ಲ ಉಪಗ್ರಹದ ಬಗ್ಗೆ, ಡಿಶ್ ಬಗ್ಗೆ ಹೇಳುತ್ತಾರೆ. ನಡುವಿನ ವೈರಿನ ಸುದ್ದಿ ಯಾರೂ ಎತ್ತುವುದಿಲ್ಲ. ಸಿಗ್ನಲ್ ಸೋರಿ ಹೋಗುವುದು ಬಹಳ ಸಲ ಅಲ್ಲೇ.

1975ರ ಆಗಸ್ಟ್ 1ರಂದು 'ಸೈಟ್' ಪ್ರಯೋಗ ಶುರುವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಟಿ.ವಿ. ತೋರಿಸಿತು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು, ಕನ್ನಡದಲ್ಲೂ ಕಾರ್ಯಕ್ರಮ ಬರುತ್ತಿತ್ತು. ಆಂಟೆನಾ ಎಂದರೆ 3 ಮೀಟರ್ ಅಗಲದ ಬುಟ್ಟಿ, ಕೋಳಿಗೂಡಿಗೆ ಹಾಕುವ ಜಾಲರಿಯದು. ತೂತು ತೂತಾದ ಜಾಲರಿ ಸಿಗ್ನಲ್ ಹಿಡಿಯುತ್ತದೆಯೇ ಎಂದು ಕೇಳಬಹುದು. 860 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದಕ್ಕೆ ಆ ಜಾಲರಿ ಗೋಡೆ ಇದ್ದಂತೆ.

ದೂರದರ್ಶನದ ಟ್ರಾನ್ಸ್‌ಮಿಟರ್‌ಗಳು ಹೆಚ್ಚಿದ 1980ರ ದಶಕದಲ್ಲಿ ಮಾಳಿಗೆ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಎದ್ದಿತು. ಅದರಿಂದ ಎಷ್ಟೋ ಮನೆಗೆ ಇಳಿಯುತ್ತಿದ್ದುದು 300 ಓಮ್‌ನ ಚಪ್ಪಟೆ ವೈರು. ಒಣಗಿದ್ದಾಗ ಆ ವೈರು ಒಳ್ಳೆಯದೇ. ಧೂಳು ಕೂತು ನೆನೆದರೆ, ಕಬ್ಬಿಣದ ಪೈಪಿಗೆ ತಾಗಿದರೆ ಚಿತ್ರ ಮಸುಕು. ಮನೆಯವರು ಮಾತ್ರ ಬೈಯುತ್ತಿದ್ದುದು ಕಾಗೆಯನ್ನು!

ಈಗಿನ ದುಂಡು ಕೇಬಲ್, ಅಂದರೆ ಕೊಯಾಕ್ಸಿಯಲ್, ಹೊಸದೇನಲ್ಲ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ತಿರುಪಿ ಹಾಕುವ ಎಫ್ ಕನೆಕ್ಟರ್ 1950ರ ದಶಕದ್ದು, ಅಮೆರಿಕದ ಕೇಬಲ್ ಟಿ.ವಿ.ಗೆಂದು ಮಾಡಿದ್ದು. ಕೇಬಲಿನ ನಡುವಿನ ತಂತಿಯನ್ನೇ ಪಿನ್ ಆಗಿ ಬಳಸಿದ್ದರಿಂದ ಅಗ್ಗವಾಯಿತು. ಆದರೆ ಸಾದಾ ಎಫ್ ಕನೆಕ್ಟರ್ ತಾನಾಗಿ ನೀರು ತಡೆಯುವುದಿಲ್ಲ. ಒಳಗಿನ ಜಾಲರಿ ಹೆಣಿಗೆ ದೀಪದ ಬತ್ತಿಯ ಹಾಗೆ ನೀರು ಹೀರುತ್ತದೆ, ಕಪ್ಪಾಗುತ್ತದೆ.

ಡಿಶ್ ಕಾಲದಲ್ಲಿ ಇದು ಇನ್ನೂ ಮುಖ್ಯವಾಯಿತು. ಅಲೆ ಹೆಚ್ಚು ವೇಗವಾಗಿ ಕಂಪಿಸಿದಷ್ಟೂ ಕೇಬಲ್ ಅದನ್ನು ನುಂಗುತ್ತದೆ. ಅದಕ್ಕೇ ಎಲ್‌ಎನ್‌ಬಿ ಡಿಶ್ ಬಾಯಲ್ಲೇ ಕೂತು 11-12 ಗಿಗಾಹರ್ಟ್ಸ್ ಸಿಗ್ನಲನ್ನು ತಗ್ಗಿಸಿ ಕೆಳಗೆ ಕಳಿಸುತ್ತದೆ. ಅದಕ್ಕೆ ಬೇಕಾದ 13 ಅಥವಾ 18 ವೋಲ್ಟ್ ಅದೇ ಕೇಬಲಿನಲ್ಲಿ ಮೇಲೆ ಹೋಗುತ್ತದೆ. ಹೆಣಿಗೆಯ ಒಂದು ಎಳೆ ನಡುತಂತಿಗೆ ತಾಗಿದರೆ ಎಲ್‌ಎನ್‌ಬಿ ಸುಮ್ಮನಾಗುತ್ತದೆ. ರಿಪೇರಿಗೆ ಬಂದವರು ನೇರವಾಗಿ ಹೊಸ ಎಲ್‌ಎನ್‌ಬಿ ಬಿಲ್ ಹಾಕುವುದು ಇಂಥಲ್ಲೇ ಎಂದು ನಮ್ಮ ಅನುಮಾನ. ವೈಫೈ ಆಂಟೆನಾಗೆ ತೆಳು ಆರ್‌ಜಿ-58 ಕೇಬಲ್ ಹಾಕಿದರೆ 2.4 ಗಿಗಾಹರ್ಟ್ಸ್ ಸಿಗ್ನಲ್ ಸುಮಾರು 3 ಮೀಟರಿಗೇ ಅರ್ಧ ಆಗುತ್ತದೆ. ಅಲ್ಲಿ ಆಂಟೆನಾ ದೊಡ್ಡದು ಮಾಡಿ ಫಲವೇನು?

ಜೋರು ಮಳೆಗೆ ಚಿತ್ರ ಹೋಗಿ, ನಿಂತ ಸ್ವಲ್ಪ ಹೊತ್ತಿಗೆ ಬಂದರೆ ಅದು ಮಳೆಯ ಕೆಲಸ, ಬಿಡಿ. ಮರುದಿನ ಬಿಸಿಲೇರಿದ ಮೇಲೆ ಬಂದರೆ ಜಾಯಿಂಟಿಗೆ ನೀರು ಹೊಕ್ಕಿರಬಹುದು. ಬಾಕ್ಸಿನ ಕರೆಂಟ್ ತೆಗೆದು ಕನೆಕ್ಟರ್ ಬಿಚ್ಚಿ. ತಂತಿ ಹಸಿರುಗಟ್ಟಿದ್ದರೆ, ಹೆಣಿಗೆ ಕಪ್ಪಾಗಿದ್ದರೆ ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಸಾದಾ ಇನ್ಸುಲೇಷನ್ ಟೇಪಿನ ಅಂಟು ಬಿಸಿಲಿಗೆ ಬಿಡುತ್ತದೆ, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಹೊಗುವ ಮುನ್ನ ಒಂದು ಬಾಗು ಕೆಳಗೆ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.