ಸಿಳ್ಳೆ ಹೊಡೆಸುವ ಯುದ್ಧ, ಕಣ್ಣೀರು ತರಿಸುವ ಯುದ್ಧ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಯುದ್ಧದ ಸಿನಿಮಾ ಎಂದರೆ ಮೊದಲು ನೆನಪಾಗುವುದು ಕಿತ್ತೂರು. ಬಿ.ಆರ್. ಪಂತುಲು ನಿರ್ದೇಶಿಸಿದ 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿ ಕತ್ತಿ ಹಿರಿದು ನಿಂತದ್ದನ್ನು ನಮ್ಮ ಹಿರಿಯರು ಇಂದಿಗೂ ಬಣ್ಣಿಸುತ್ತಾರೆ. 2012ರಲ್ಲಿ ದರ್ಶನ್ ಅಭಿನಯದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಂದಾಗ ಹಳ್ಳಿಗಳಿಂದ ಗುಂಪು ಗುಂಪಾಗಿ ಜನ ಪಟ್ಟಣದ ಟಾಕೀಸಿಗೆ ಬಂದರು. ಕಂಪನಿ ಸರಕಾರದ ಸಿಪಾಯಿಗಳು ಉರುಳಿ ಬಿದ್ದಾಗ ಸಿಳ್ಳೆಯೋ ಸಿಳ್ಳೆ. ಆದರೆ ನಂದಗಡದ ನೇಣಿನ ದೃಶ್ಯಕ್ಕೆ ಬರುವ ಹೊತ್ತಿಗೆ ಅದೇ ಜನ ಸೆರಗಿನಿಂದ, ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದೇ ಚಿತ್ರ, ಒಂದೇ ಪ್ರೇಕ್ಷಕ ವರ್ಗ. ಒಮ್ಮೆ ಸಿಳ್ಳೆ, ಒಮ್ಮೆ ಕಣ್ಣೀರು. ಯುದ್ಧದ ಸಿನಿಮಾ ಯುದ್ಧವನ್ನು ವಿರೋಧಿಸಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಎರಡು ಗಳಿಗೆಗಳನ್ನು ನಾವು ಬೇರ್ಪಡಿಸಿ ನೋಡಬೇಕಾಗಿದೆ.

ಫ್ರಾನ್ಸಿನ ಹೆಸರಾಂತ ನಿರ್ದೇಶಕ ಫ್ರಾಂಸ್ವಾ ತ್ರುಫೋ 1973ರಲ್ಲಿ ಒಂದು ಸಂದರ್ಶನದಲ್ಲಿ, ತಾನು ನಿಜವಾದ ಯುದ್ಧವಿರೋಧಿ ಚಿತ್ರವನ್ನು ನೋಡಿಯೇ ಇಲ್ಲ ಎಂಬರ್ಥದ ಮಾತನ್ನಾಡಿದ್ದರು. ತೆರೆಯ ಮೇಲೆ ಯುದ್ಧ ಯಾವಾಗಲೂ ರೋಚಕವಾಗಿಯೇ ಕಾಣುತ್ತದೆ ಎಂಬುದು ಅವರ ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1979ರ 'ಅಪೋಕ್ಯಾಲಿಪ್ಸ್ ನೌ' ವಿಯೆಟ್ನಾಂ ಯುದ್ಧದ ಹುಚ್ಚುತನವನ್ನು ತೋರಿಸಲು ತೆಗೆದ ಚಿತ್ರ. ಆದರೆ ಕೊಲ್ಲಿ ಯುದ್ಧಕ್ಕೆ ಹೊರಡಲಿರುವ ಅಮೆರಿಕದ ಯೋಧರು ಆ ಚಿತ್ರದ ಹೆಲಿಕಾಪ್ಟರ್ ದಾಳಿಯನ್ನು ನೋಡಿ ಹುಚ್ಚೆದ್ದು ಕೇಕೆ ಹಾಕುವುದನ್ನು 2005ರ 'ಜಾರ್‌ಹೆಡ್' ಎಂಬ ಚಿತ್ರ ತೋರಿಸಿತು. ನಮ್ಮಲ್ಲೇ 1997ರ 'ಬಾರ್ಡರ್' ಚಿತ್ರವನ್ನು ನೆನಪಿಸಿಕೊಳ್ಳಿ. ಅದರ ಕೊನೆಯಲ್ಲಿ ಯುದ್ಧ ಸಾಕೆಂದು ಬೇಡುವ, ಎದುರಾಳಿಯನ್ನೂ ತಮ್ಮವನೆಂದು ಕರೆಯುವ ಹಾಡಿದೆ. ನಾವು ನೋಡಿದ ಆಟದಲ್ಲಿ ಆ ಹಾಡು ಶುರುವಾಗುತ್ತಲೇ ಜನ ಎದ್ದು ಚಪ್ಪಲಿ ಹುಡುಕತೊಡಗಿದ್ದರು. ಎರಡೂವರೆ ತಾಸು ಗುಂಡಿನ ಸದ್ದು ಕೇಳಿದ ಕಿವಿಗೆ ಐದು ನಿಮಿಷದ ಶಾಂತಿ ತಟ್ಟಲಿಲ್ಲ.

ಹಾಗಾದರೆ ಯುದ್ಧವಿರೋಧಿ ಚಿತ್ರಗಳು ವ್ಯರ್ಥವೇ? ಇತಿಹಾಸ ಬೇರೆ ಸಾಕ್ಷ್ಯವನ್ನೂ ಕೊಡುತ್ತದೆ. ರಿಮಾರ್ಕನ ಕಾದಂಬರಿಯನ್ನು ಆಧರಿಸಿದ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್' ಚಿತ್ರ 1930ರ ಡಿಸೆಂಬರಿನಲ್ಲಿ ಬರ್ಲಿನ್ ನಗರದಲ್ಲಿ ತೆರೆಕಂಡಾಗ ನಾಜಿಗಳು ಚಿತ್ರಮಂದಿರದೊಳಗೆ ಬಿಳಿ ಇಲಿಗಳನ್ನು ಬಿಟ್ಟು ದಾಂಧಲೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ಫ್ರೆಂಚ್ ಸೇನಾಧಿಕಾರಿಗಳ ಕ್ರೌರ್ಯವನ್ನು ಬಯಲಿಗಿಟ್ಟ 1957ರ 'ಪಾತ್ಸ್ ಆಫ್ ಗ್ಲೋರಿ' ಫ್ರಾನ್ಸಿನಲ್ಲಿ ತೆರೆಕಾಣಲು 1975ರವರೆಗೆ ಕಾಯಬೇಕಾಯಿತು. ಸಿನಿಮಾಕ್ಕೆ ಯುದ್ಧವನ್ನು ತಡೆಯುವ ಶಕ್ತಿ ಇಲ್ಲದಿರಬಹುದು. ಆದರೆ ಯುದ್ಧವನ್ನು ಬಯಸುವವರು ಕೆಲವು ಚಿತ್ರಗಳಿಗೆ ಹೆದರಿದ್ದಂತೂ ನಿಜ.

ಯಾವ ಬಗೆಯ ಕಥೆ ಕೇಕೆ ಹಾಕಿಸುತ್ತದೆ, ಯಾವುದು ಎದೆ ಕಲಕುತ್ತದೆ ಎಂಬುದನ್ನು ತಿಳಿಯಲು ನಾವು ಪರದೇಶಕ್ಕೇ ಹೋಗಬೇಕಾಗಿಲ್ಲ. ಸಿನಿಮಾ ಹುಟ್ಟುವ ಮೊದಲೇ ನಮ್ಮ ಸೀಮೆಯ ಜನ ಇದನ್ನು ತಮ್ಮ ಹಾಡುಗಳಲ್ಲಿ ಕಂಡುಕೊಂಡಿದ್ದರು.

ಮೂಡಲಗಿಯಿಂದ ಮೂಡಣಕ್ಕೆ ಹೊರಟರೆ ಮುಧೋಳ ತಾಲೂಕು. ಅಲ್ಲಿಯ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿದರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಮುತ್ತಿಗೆ ಹಾಕಿತು. ಸಿಕ್ಕವರನ್ನು ಕೊಂದರು, ಊರಿಗೆ ಬೆಂಕಿ ಇಟ್ಟರು, ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಈ ಕಥೆಯ ಲಾವಣಿ ಶಾಲೆಯ ಪಠ್ಯದಲ್ಲಿ ಓದಿದ್ದರಿಂದ ಕನ್ನಡಿಗರಿಗೆಲ್ಲ ಪರಿಚಿತ. ಅದನ್ನು ಸಂಗ್ರಹಿಸಿ ಉಳಿಸಿಕೊಟ್ಟವರು ಅದೇ ಬ್ರಿಟಿಷ್ ಆಡಳಿತದ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಎಂಬುದು ಗಮನಾರ್ಹ.

ಆ ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂಬ ವೀರರ ಹೋರಾಟ ಇದೆ. ಆದರೆ ಲಾವಣಿಕಾರ ಅಲ್ಲಿಗೆ ನಿಲ್ಲುವುದಿಲ್ಲ. ಸೈನಿಕರು ಕೊಳ್ಳೆ ಹೊಡೆದದ್ದನ್ನು ಒಂದೊಂದಾಗಿ ಎಣಿಸುತ್ತಾನೆ. ಕೊಡಲಿ, ಕುಡ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಗಂಗಾಳ, ಬೀಸುವ ಕಲ್ಲು, ಕಡೆಗೆ ಹೆಂಗಸರ ಮಂಗಳಸೂತ್ರ. ಸರಕಾರಿ ದಾಖಲೆಗೆ ಅದೊಂದು ದಂಗೆಯ ದಮನ. ಲಾವಣಿಗೆ ಅದು ಒಲೆ ಆರಿದ ಒಂದು ಊರು. ಬೇಡರ ಪೌರುಷಕ್ಕೆ ತಲೆದೂಗಿದ ಕೇಳುಗನೂ ಜೀರಿಗೆ, ಬೀಸುಕಲ್ಲಿನ ಮಾತು ಬಂದಾಗ ತನ್ನ ಮನೆಯ ಅಡುಗೆಮನೆಯನ್ನು ನೆನೆಯದೆ ಇರಲಾರ.

ಇನ್ನೊಂದು, ಮೊಹರಂನ ಕರ್ಬಲಾ ಪದಗಳು. ಕ್ರಿ.ಶ. 680ರಲ್ಲಿ, ಹಿಜರಿ 61ರ ಮುಹರ್ರಮ್ ಹತ್ತರಂದು ಪ್ರವಾದಿ(ಸ)ಯವರ ಮೊಮ್ಮಗ ಇಮಾಮ್ ಹುಸೈನ್(ರ) ಮತ್ತು ಅವರ ಸಂಗಡಿಗರು ಯಜೀದನ ಸೈನ್ಯದ ಎದುರು ಹುತಾತ್ಮರಾದರು. ಮೊಹರಂ ಆಚರಣೆಯ ಬಗ್ಗೆ ಮುಸ್ಲಿಮರಲ್ಲಿ ಧಾರ್ಮಿಕ ಭಿನ್ನಾಭಿಪ್ರಾಯಗಳಿವೆ. ಇಲ್ಲಿ ನಮ್ಮ ಮಾತು ಸಾಹಿತ್ಯದ ಕುರಿತು ಮಾತ್ರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಿವಾಯತ್ ಪದಗಳನ್ನು ಹಿಂದೂ-ಮುಸ್ಲಿಮರು ಕೂಡಿಯೇ ಕನ್ನಡದಲ್ಲಿ ಹಾಡುತ್ತಾರೆ, ಕೂಡಿಯೇ ಹೆಜ್ಜೆ ಹಾಕುತ್ತಾರೆ. ಆ ಪದಗಳಲ್ಲಿ ಕತ್ತಿವರಸೆಗಿಂತ ಹೆಚ್ಚು ಕಾಡುವುದು ನೀರಡಿಕೆ. ಹರಿಯುವ ನದಿಯ ಪಕ್ಕದಲ್ಲೇ ನೀರಿಲ್ಲದೆ ಬಳಲಿದ ಹಸುಗೂಸು, ಮದುವೆಯ ಅರಿಶಿಣ ಆರುವ ಮೊದಲೇ ರಣಕ್ಕೆ ಹೋದ ಹುಡುಗ, ಹಾದಿ ಕಾಯುವ ತಾಯಿ. ಅಲ್ಲಿ ಸೈನ್ಯ ಗೆದ್ದಿತು, ಆದರೆ ಗೆದ್ದವನನ್ನು ಹೊಗಳುವ ಪದ ನಮ್ಮ ಯಾವ ಊರಿನಲ್ಲೂ ಇಲ್ಲ.

ಆ ಪದಗಳಲ್ಲಿ ಕೇಳಿದ ನಾಡಿಗೆ ನಮ್ಮ ಕಡೆಯ ಪಲ್ಟನ್‌ಗಳೇ ಹೋದದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು. ಬೆಳಗಾವಿ ಜಿಲ್ಲೆ ಹಿಂದಿನಿಂದಲೂ ಮರಾಠಾ ಪಲ್ಟನ್‌ಗೆ ಭರತಿ ನಡೆಯುವ ಸೀಮೆ. ಇಂದಿಗೂ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆ. ಮೊದಲ ಮಹಾಯುದ್ಧದಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್‌ಗಳು ಇಂದಿನ ಇರಾಕಿನಲ್ಲಿ ಹೋರಾಡಿದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕ ಸೈನ್ಯ ಹಸಿವಿನಿಂದ ಸೊರಗಿ ಶರಣಾಯಿತು. ಸೆರೆಯಾದವರು ಸುಮಾರು 13,000. ಮರುಭೂಮಿಯಲ್ಲಿ ನಡೆಸಿಕೊಂಡು ಹೋದ ಆ ಸೆರೆಯಾಳುಗಳಲ್ಲಿ ಸಾವಿರಾರು ಜನ ಮರಳಲಿಲ್ಲ. ಕರ್ಬಲಾದಂತೆಯೇ ಅಲ್ಲಿಯೂ ಜನರನ್ನು ಕೊಂದದ್ದು ಕತ್ತಿ-ಗುಂಡು ಮಾತ್ರ ಅಲ್ಲ, ಹಸಿವು ಮತ್ತು ನೀರಡಿಕೆ. ಅವರ ಕುರಿತು ನಾವು ಒಂದು ಸಿನಿಮಾವನ್ನೂ ಮಾಡಿಲ್ಲ. ಗೆಲುವಿಲ್ಲದ ಕಥೆಗೆ ಬಂಡವಾಳ ಹೂಡುವವರು ಯಾರು?

ಇಷ್ಟಾದರೂ ಕನ್ನಡಿಗರು ಈ ದಾರಿಯಲ್ಲಿ ಹೆಜ್ಜೆಯನ್ನೇ ಇಟ್ಟಿಲ್ಲವೆಂದಲ್ಲ. ರಾಜೇಂದ್ರ ಸಿಂಗ್ ಬಾಬು ಅವರ 1990ರ 'ಮುತ್ತಿನ ಹಾರ'ದಲ್ಲಿ ವಿಷ್ಣುವರ್ಧನ್ ಕೊಡವ ಸೈನಿಕ, ಸುಹಾಸಿನಿ ಅವನ ಕೈಹಿಡಿದ ದಾದಿ. ಚಿತ್ರದಲ್ಲಿ ರಣರಂಗ ಇದೆ, ದೇಶಪ್ರೇಮವೂ ಇದೆ. ಆದರೆ ಪ್ರೇಕ್ಷಕ ಮನೆಗೆ ಹೊತ್ತೊಯ್ಯುವುದು ಯುದ್ಧ ಒಂದು ಸಂಸಾರದಿಂದ ಕಿತ್ತುಕೊಂಡದ್ದರ ಲೆಕ್ಕವನ್ನು. ಇನ್ನು ಕನ್ನಡಿಗರಾದ ಎಂ.ಎಸ್. ಸತ್ಯು ಅವರ 'ಗರಂ ಹವಾ' ಸೆನ್ಸಾರಿನ ಅಡೆತಡೆ ದಾಟಿ 1974ರಲ್ಲಿ ತೆರೆಕಂಡಿತು. ದೇಶವಿಭಜನೆಯ ಕಥೆಯಾದರೂ ಅಲ್ಲಿ ರಕ್ತಪಾತದ ವೈಭವ ಇಲ್ಲ. ಆಗ್ರಾದ ಸಲೀಂ ಮಿರ್ಜಾನ ಮುದಿ ತಾಯಿ ತನ್ನ ಮನೆ ಬಿಟ್ಟು ಕದಲಲು ಒಪ್ಪುವುದಿಲ್ಲ. ಅಷ್ಟರಲ್ಲೇ ಗಡಿ ಎಳೆದವರ ಕ್ರೌರ್ಯವೆಲ್ಲ ಅರ್ಥವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯುದ್ಧವನ್ನು ವಿರೋಧಿಸುವುದೆಂದರೆ ಚೆನ್ನಮ್ಮ, ರಾಯಣ್ಣ, ಹಲಗಲಿಯ ಬೇಡರನ್ನು ಅಲ್ಲಗಳೆಯುವುದಲ್ಲ. ಅವರು ಮನೆ ಬಾಗಿಲಿಗೆ ಬಂದ ದಬ್ಬಾಳಿಕೆಯ ಎದುರು ನಿಂತವರು. ಇಮಾಮ್ ಹುಸೈನರೂ ಅನ್ಯಾಯಕ್ಕೆ ತಲೆಬಾಗಲಿಲ್ಲ. ಅವರ ತ್ಯಾಗವನ್ನು ಗೌರವಿಸುವುದು ಬೇರೆ, ಕೊಲ್ಲುವ ಕೆಲಸವನ್ನೇ ಹಬ್ಬ ಮಾಡಿಕೊಳ್ಳುವುದು ಬೇರೆ. ಇತ್ತೀಚಿನ ಯುದ್ಧಚಿತ್ರಗಳಲ್ಲಿ ಎರಡನೆಯದೇ ಹೆಚ್ಚುತ್ತಿದೆ. ಶತ್ರು ಎಂದರೆ ಒಂದು ಧರ್ಮ, ಒಂದು ಟೋಪಿ, ಒಂದು ಗಡ್ಡ ಎಂದು ತೋರಿಸುವ ಚಿತ್ರ ಗಡಿಯಾಚೆ ಯಾರನ್ನೂ ಸೋಲಿಸುವುದಿಲ್ಲ. ಚಿತ್ರ ಬಿಟ್ಟ ಮೇಲೆ ಅದೇ ಓಣಿಯಲ್ಲಿ ನಡೆದು ಹೋಗುವ ನೆರೆಯವನನ್ನು ಮಾತ್ರ ಅನುಮಾನದಿಂದ ನೋಡುವಂತೆ ಮಾಡುತ್ತದೆ.

ಆದ್ದರಿಂದ ಯಾವ ಚಿತ್ರ ಯುದ್ಧವನ್ನು ವಿರೋಧಿಸುತ್ತದೆ ಎಂದು ಕೇಳುವವರಿಗೆ ನಾವು ಹಲಗಲಿಯ ಲಾವಣಿಯನ್ನೇ ಅಳತೆಗೋಲಾಗಿ ಕೊಡುತ್ತೇವೆ. ಬಿದ್ದ ಶತ್ರುಗಳನ್ನು ಎಣಿಸಿ ಮುಗಿಸುವ ಚಿತ್ರ ಸಿಳ್ಳೆ ಗಿಟ್ಟಿಸುತ್ತದೆ. ಮನೆಯಲ್ಲಿ ಏನೇನು ಇಲ್ಲವಾಯಿತು ಎಂದು ಎಣಿಸುವ ಚಿತ್ರ ಪ್ರೇಕ್ಷಕನನ್ನು ಸುಮ್ಮನಾಗಿಸುತ್ತದೆ. ನಮ್ಮ ಹಳ್ಳಿಗಳಿಂದ ಮಕ್ಕಳು ಇಂದಿಗೂ ಸೈನ್ಯಕ್ಕೆ ಸೇರುತ್ತಿದ್ದಾರೆ. ಗಡಿಯಲ್ಲಿ ಗುಂಡು ಹಾರಿತೆಂಬ ಸುದ್ದಿ ಬಂದ ದಿನ ಅವರ ತಾಯಂದಿರು ಟಿ.ವಿ. ಮುಂದೆ ಸಿಳ್ಳೆ ಹೊಡೆಯುವುದಿಲ್ಲ, ಮಗನ ಫೋನಿಗಾಗಿ ಕಾಯುತ್ತಾರೆ. ಯುದ್ಧದ ಸಿನಿಮಾ ತೆಗೆಯುವವರೂ ನೋಡುವವರೂ ಆ ತಾಯಂದಿರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಬರುವುದು ಒಳ್ಳೆಯದು.