ಹಿತ್ತಲ ಕಲ್ಲು, ಮೂಲೆಯ ಮೆಷಿನ್ನು

2024ರ ಮಳೆಗಾಲದಲ್ಲಿ ನಮ್ಮ ಮನೆಯ ವಾಷಿಂಗ್ ಮೆಷಿನ್ ನಿಂತುಹೋಯಿತು. ನಿಲ್ಲುವುದಕ್ಕೂ ಅದು ಹೊತ್ತು ನೋಡಿಕೊಂಡಿತ್ತು ಎನ್ನಬೇಕು. ಹಾಸನದಲ್ಲಿ ನಾಲ್ಕು ದಿನದಿಂದ ಜಡಿಮಳೆ; ಮೆಷಿನ್ನಿನ ಹೊಟ್ಟೆಯಲ್ಲಿ ನೆನೆದ ಹೊದಿಕೆಗಳು. ರಿಪೇರಿಯ ಹುಡುಗ ಹಿಂದಿನ ತಗಡು ಬಿಚ್ಚಿ ನೋಡಿ, “ಸಾರ್ ಇಲ್ವಾ ಮೇಡಂ?” ಎಂದು ಕೇಳಿದ. “ಕೊಂಡವಳೂ ನಾನೇ, ಓಡಿಸುವವಳೂ ನಾನೇ, ನನಗೇ ಹೇಳಪ್ಪ” ಎಂದೆ. ಬೋರ್ಡು ಸುಟ್ಟಿದೆ, ಈ ಮಾಡೆಲ್ಲಿನದು ಈಗ ಬರುವುದಿಲ್ಲ, ಹೊಸದೇ ತಗೊಳ್ಳಿ ಎಂದ. ಹನ್ನೆರಡು ವರ್ಷದ ಮೆಷಿನ್ನಿನ ಆಯಸ್ಸು ಎರಡು ಮಾತಿನಲ್ಲಿ ಮುಗಿಯಿತು.

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಹೇಳಿದವಳು ನಾನು. ಪಾಣಿಪತ್ ಕದನಗಳ ಇಸವಿ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಆದರೆ ಬಟ್ಟೆ ಒಗೆದವರ ಚರಿತ್ರೆಯನ್ನು ನಾನೆಂದೂ ಪಾಠ ಮಾಡಲಿಲ್ಲ. ಆ ವಾರ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ಅದೇ ತಲೆಯಲ್ಲಿ ಸುತ್ತತೊಡಗಿತು.

ನನ್ನಮ್ಮನ ಕಾಲದಲ್ಲಿ ಹಿತ್ತಲಲ್ಲಿ ಒಗೆಯುವ ಕಲ್ಲು ಇಲ್ಲದ ಮನೆಯಿರಲಿಲ್ಲ. ದಿನದ ಬಟ್ಟೆ ಅಲ್ಲಿ. ದಪ್ಪ ಜಮಖಾನ, ಪಂಚೆಗಳು ಮಡಿವಾಳರ ಮನೆಗೆ. ಅವರು ಸವಳು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿ, ಕೆರೆಯ ಕಲ್ಲಿಗೆ ಒಯ್ಯುತ್ತಿದ್ದರು. ಆ ಮಣ್ಣಿನಲ್ಲಿರುವ ಕ್ಷಾರವೇ ಜಿಡ್ಡನ್ನು ಬಿಡಿಸುವುದು; ಇಂದಿನ ಪೌಡರಿನಲ್ಲಿಯೂ ಇರುವುದು ಸೋಡಾ ತಾನೆ? ರೇಷ್ಮೆಗೆ ಮಾತ್ರ ಅಂಟುವಾಳದ ನೊರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆದ ಮಡಿವಾಳ ಮಾಚಿದೇವ ವಚನಕಾರನಾಗಿ ನಮ್ಮ ನೆನಪಿನಲ್ಲಿ ಉಳಿದ. ಅದು ನಮ್ಮ ನಾಡಿನ ಹೆಮ್ಮೆ, ನಿಜ. ಆದರೆ ಆ ಕೆಲಸ ಮಾಡಿದ ಸಾವಿರಾರು ಹೆಂಗಸರ ಹೆಸರು ಯಾರಿಗೂ ಗೊತ್ತಿಲ್ಲ.

ಆಮೇಲೆ ಬಾರ್ ಸೋಪು ಬಂತು. 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ. ಅಗ್ಗದ ಹಳದಿ ಪೌಡರು ಸಣ್ಣ ಊರುಗಳ ಬಚ್ಚಲಿಗೂ ನುಗ್ಗಿತು. ಕಲ್ಲಿಗೆ ಬಡಿಯುವುದು ಕಡಿಮೆಯಾಗಿ ನೆನೆಹಾಕುವುದು ಹೆಚ್ಚಾಯಿತು. ಆದರೂ ಅಮ್ಮನ ಬೆರಳ ಸಂದಿ ಮಳೆಗಾಲವಿಡೀ ಬಿರಿದೇ ಇರುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ ಕೂರುತ್ತಿದ್ದಳು.

ಯಂತ್ರದ ಯೋಚನೆ ಹಳೆಯದೇ. 1767ರಲ್ಲೇ ಜರ್ಮನಿಯ ರೇಗನ್ಸ್‌ಬರ್ಗಿನ ಪಾದ್ರಿ ಯಾಕೋಬ್ ಶೇಫರ್ ಒಗೆಯುವ ಯಂತ್ರವೊಂದರ ವಿವರವನ್ನು ಅಚ್ಚು ಮಾಡಿಸಿದ್ದ. ವಿದ್ಯುತ್ ಯಂತ್ರವನ್ನು ಅಮೆರಿಕದ ಆಲ್ವಾ ಫಿಶರ್ ಕಂಡುಹಿಡಿದ ಎಂದು ನಾವೆಲ್ಲ ಓದಿದ್ದೇವೆ. 1910ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಅದಕ್ಕೆ ಮೊದಲೇ ಅಲ್ಲಿನ ಪತ್ರಿಕೆಗಳಲ್ಲಿ ಅಂಥ ಯಂತ್ರಗಳ ಜಾಹೀರಾತು ಬಂದಿದ್ದವು. 1937ರಲ್ಲಿ ಬೆಂಡಿಕ್ಸ್ ಕಂಪನಿ ತಾನಾಗಿಯೇ ಒಗೆದು, ಜಾಲಿಸಿ, ಹಿಂಡುವ ಯಂತ್ರ ತಂದಿತು. ಅದು ಎಷ್ಟು ಕುಣಿಯುತ್ತಿತ್ತೆಂದರೆ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಿತ್ತು!

ನಮ್ಮ ಕಡೆಯ ಮಧ್ಯಮವರ್ಗದವರು ಇದನ್ನು ಕಂಡದ್ದು 1980ರ ದಶಕದ ಕೊನೆಗೆ, ದೂರದರ್ಶನದ ಜಾಹೀರಾತಿನಲ್ಲಿ. ನಮ್ಮ ಮನೆಗೆ ಬಂದದ್ದು 1996ರಲ್ಲಿ, ಕಂತಿನ ಮೇಲೆ. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್. ಒಂದರಲ್ಲಿ ಒಗೆತ, ಇನ್ನೊಂದರಲ್ಲಿ ಹಿಂಡುವಿಕೆ. ನಲ್ಲಿಯಲ್ಲಿ ಒತ್ತಡವಿಲ್ಲದಿದ್ದರೂ ಕೊಡದಿಂದ ನೀರು ಸುರಿಯಬಹುದು, ಲೋಡ್ ಶೆಡ್ಡಿಂಗ್ ಆದರೆ ಬಟ್ಟೆ ತೆಗೆದು ಕೈಯಲ್ಲೇ ಮುಗಿಸಬಹುದು. ಆಗಿನ ನಮ್ಮ ಊರುಗಳಿಗೆ ಅದೇ ಸರಿಯಿತ್ತು. ಅದು ಕೆಟ್ಟಾಗಲೆಲ್ಲ ಕಾರಣವೂ ಕಣ್ಣಿಗೆ ಕಾಣುತ್ತಿತ್ತು. ಗುಂಯ್ ಎಂದು ಸದ್ದು ಮಾಡಿ ತಿರುಗದಿದ್ದರೆ ಕೆಪ್ಯಾಸಿಟರ್. ತಿರುಗಿದರೂ ಶಕ್ತಿಯಿಲ್ಲದಿದ್ದರೆ ಬೆಲ್ಟು ಸಡಿಲ. ಹಿಂಡುವ ತೊಟ್ಟಿಯ ಅಡಿ ನೀರು ಸೋರಿದರೆ ರಬ್ಬರ್ ಸೀಲು. ಪೇಟೆಯ ಮೆಕ್ಯಾನಿಕ್ ಸೈಕಲ್ಲಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ಸರಿಮಾಡಿ, ಕಾಫಿ ಕುಡಿದು ಹೋಗುತ್ತಿದ್ದ. ಹಾಗೆ ಹದಿನಾರು ವರ್ಷ ಬಾಳಿತು.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಆ ಮೆಷಿನ್ ಬರುವ ಮುಂಚೆ ನಮ್ಮ ಮನೆಗೆ ಬಟ್ಟೆ ಒಗೆಯಲು ಒಬ್ಬಾಕೆ ಬರುತ್ತಿದ್ದಳು. ಮೆಷಿನ್ ಬಂದ ತಿಂಗಳು ಅವಳನ್ನು ಬಿಡಿಸಿದೆವು. “ಆಯ್ತು ಮೇಡಮ್ಮೋರೆ” ಎಂದಷ್ಟೇ ಹೇಳಿ ಹೋದಳು. ಕಂತು ಕಟ್ಟಲು ಅವಳ ಸಂಬಳವೇ ನನಗೆ ಉಳಿತಾಯವಾಯಿತು. ಅದನ್ನು ಲಾಭವೆಂದು ಆಗ ಲೆಕ್ಕ ಬರೆದಿಟ್ಟವಳೂ ನಾನೇ.

ಲಾಭವಾದರೂ ಎಷ್ಟು? ಎರಡು ದಿನ ಉಡುತ್ತಿದ್ದ ಅಂಗಿ ಒಂದೇ ದಿನಕ್ಕೆ ಕೊಳೆಯಾಗತೊಡಗಿತು. ವಾರಕ್ಕೊಮ್ಮೆ ಹೊದಿಕೆ, ದಿನಕ್ಕೊಂದು ಟವಲು. ಅಮೆರಿಕದ ಚರಿತ್ರಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ. ಮೊದಲು ಅಗಸಗಿತ್ತಿಗೋ ಲಾಂಡ್ರಿಗೋ ಹೋಗುತ್ತಿದ್ದ ಕೆಲಸವನ್ನು ಯಂತ್ರ ಮನೆಗೆ ವಾಪಸು ತಂದು ಮನೆಯೊಡತಿಯ ತಲೆಗೆ ಕಟ್ಟಿತು. ಶ್ರಮ ತಗ್ಗಿತು, ಕೆಲಸ ತಗ್ಗಲಿಲ್ಲ. ಓದಿದಾಗ ನಮ್ಮ ಬಚ್ಚಲಮನೆಯನ್ನೇ ಇಣುಕಿ ನೋಡಿ ಬರೆದರೇನೋ ಅನ್ನಿಸಿತು.

2012ರಲ್ಲಿ ತಳದ ತಗಡು ತುಕ್ಕು ಹಿಡಿದಾಗ ಮುಂಬಾಗಿಲ ಮೆಷಿನ್ ತಂದೆವು. ನೀರು ಕಡಿಮೆ ಸಾಕು, ಬಟ್ಟೆಗೂ ಹಿತ. ಆದರೆ ನಮ್ಮದು ಗಡಸು ಬೋರ್‌ವೆಲ್ ನೀರು. ಒಳಗಿನ ಹೀಟರಿಗೆ ಸುಣ್ಣ ಕಟ್ಟಿಕೊಳ್ಳುತ್ತಿತ್ತು. ಅದನ್ನಾದರೂ ತೊಳೆದುಕೊಳ್ಳಬಹುದಿತ್ತು. ಬೋರ್ಡು ಸುಟ್ಟರೆ ಏನು ಮಾಡೋಣ? ಯುರೋಪಿನ ದೇಶಗಳ ಒಕ್ಕೂಟದಲ್ಲಿ 2021ರಿಂದ ವಾಷಿಂಗ್ ಮೆಷಿನ್ನಿನ ಮುಖ್ಯ ಬಿಡಿಭಾಗಗಳು ಹತ್ತು ವರ್ಷ ಸಿಗುವಂತಿರಬೇಕೆಂಬ ನಿಯಮವಿದೆ. ನಮ್ಮ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು. ಕೊಳ್ಳುವಾಗ ಬಣ್ಣ, ಗುಂಡಿ, ರಿಯಾಯಿತಿ ನೋಡುವ ನಾವು “ಇದರ ಬೋರ್ಡು ಎಷ್ಟು ವರ್ಷ ಸಿಗುತ್ತೆ?” ಎಂದು ಕೇಳುವುದನ್ನೂ ಕಲಿಯಬೇಕು. ಈ ಸಲ ನಾನು ಕೇಳಿದೆ. ಅಂಗಡಿಯವನು ನನ್ನ ಯಜಮಾನರ ಮುಖ ನೋಡಿದ. ಅವರು ನನ್ನ ಕಡೆ ಕೈ ತೋರಿಸಿದರು.

ಹಳೆಯದನ್ನು ಗುಜರಿಗೆ ಹಾಕದೆ ಅಂಗಡಿಗೇ ಒಪ್ಪಿಸಿದೆ. ಹೊಸದನ್ನು ಓಡಿಸುವ ಪಾಳಿಯನ್ನು ಗೋಡೆಯ ಮೇಲೆ ಬರೆದು ಅಂಟಿಸಿದೆ: ಸೋಮವಾರ ನಾನು, ಗುರುವಾರ ಯಜಮಾನರು, ಭಾನುವಾರ ಮಗ. ಮೊದಲ ಗುರುವಾರವೇ ಬಿಳಿ ಪಂಚೆಯೊಂದು ಗುಲಾಬಿಯಾಯಿತು. ಆಗಲಿ, ನಾವೂ ಹಾಗೇ ಕಲಿತವರು.

ಕಳೆದ ಸಂತೆಯಲ್ಲಿ ಆಕೆ ಸಿಕ್ಕಿದ್ದಳು. ಬೆನ್ನು ಬಾಗಿದೆ, ನಗು ಹಾಗೇ ಇದೆ. ಹೊಸ ಮೆಷಿನ್ನಿನ ಮಾತೆತ್ತಲು ನನಗೆ ನಾಚಿಕೆ. ಅವಳೇ ಎತ್ತಿದಳು: “ನಮ್ಮನೇಗೂ ಮಗ್ಳು ಮಿಷನ್ ತಂದವ್ಳೆ ಮೇಡಮ್ಮೋರೆ. ನನ್ ಸೀರೆನ ನಾನಲ್ದೆ ಇನ್ನೊಬ್ರು ಒಗ್ದಿದ್ದು ಇದೇ ಮೊದ್ಲು.”

ಚೀಲ ಹಿಡಿದುಕೊಂಡು ಸುಮ್ಮನೆ ನಿಂತೆ. ಇಷ್ಟು ವರ್ಷ ಅವಳ ಸೀರೆಯನ್ನು ಯಾರು ಒಗೆಯುತ್ತಾರೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.