ಹೆಸರು ಒಂದೇ, ಆಸಾಮಿ ಬೇರೆ

2001ರ ಮೇ ತಿಂಗಳಲ್ಲಿ ಲೋಕದ ಹಲವು ಕಡೆ ಜನರು ತಮ್ಮ ಕಂಪ್ಯೂಟರಿನಲ್ಲಿದ್ದ ಒಂದು ಒಳ್ಳೆಯ ಫೈಲನ್ನು ತಾವಾಗಿಯೇ ಅಳಿಸಿಹಾಕಿದರು. ಹಾಗೆ ಮಾಡಿಸಿದ್ದು ವೈರಸ್ ಅಲ್ಲ, ಒಂದು ಇ-ಮೇಲ್. ಅದರಲ್ಲಿದ್ದ ಸಂಗತಿ ಇಷ್ಟು: ಸಲ್ಫ್‌ಎನ್‌ಬಿಕೆ.ಇಎಕ್ಸ್‌ಇ ಎಂಬ ಫೈಲು ನಿಮ್ಮಲ್ಲಿ ಉಂಟೋ ಎಂದು ಹುಡುಕಿ. ಇದ್ದರೆ ಅದು ವೈರಸ್. ಜೂನ್ 1ಕ್ಕೆ ಎದ್ದು ಎಲ್ಲವನ್ನೂ ನಾಶ ಮಾಡುತ್ತದೆ. ಆಂಟಿವೈರಸ್ಸಿಗೂ ಅದು ಕಾಣುವುದಿಲ್ಲ. ಬೇಗ ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ.

ಜನ ಹುಡುಕಿದರು, ಫೈಲು ಸಿಕ್ಕಿತು. ಸಿಗದೆ ಎಲ್ಲಿಗೆ ಹೋಗುತ್ತದೆ? ವಿಂಡೋಸ್ 98ರ ಜೊತೆ ಮೈಕ್ರೋಸಾಫ್ಟ್‌ನವರೇ ಕೊಟ್ಟ ಫೈಲು ಅದು. ಉದ್ದ ಹೆಸರಿನ ಫೈಲುಗಳ ಹೆಸರು ಕೆಟ್ಟರೆ ಅದನ್ನು ಮೊದಲಿನಂತೆ ಮಾಡಿಕೊಡುವುದು ಅದರ ಕೆಲಸ. ಆಂಟಿವೈರಸ್ ಸುಮ್ಮನಿದ್ದದ್ದು ಅಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ ಎಂದು. ಜನರಿಗೆ ಆ ಮೌನವೇ ದೊಡ್ಡ ಸಾಕ್ಷಿಯಾಗಿ ಕಂಡಿತು.

ಈ ಸುಳ್ಳಿನ ಬುಡದಲ್ಲಿ ಚಿಟಿಕೆ ಸತ್ಯವೂ ಇತ್ತು. ಅದೇ ವರ್ಷ ಮಜಿಸ್ಟರ್ ಎಂಬ ನಿಜವಾದ ವೈರಸ್ ಹರಡುತ್ತಿತ್ತು. ಅದು ಸಿಕ್ಕಿದ ಕಂಪ್ಯೂಟರಿನಿಂದ ಯಾವುದಾದರೊಂದು ಫೈಲನ್ನು ಎತ್ತಿ, ಅದರೊಳಗೆ ತಾನು ಸೇರಿಕೊಂಡು, ಇ-ಮೇಲ್‌ಗೆ ಅಂಟಿಸಿ ಕಳಿಸುತ್ತಿತ್ತು. ಹಾಗೆ ಹೋದ ಫೈಲುಗಳಲ್ಲಿ ಈ ಹೆಸರಿನದೂ ಇತ್ತು. ಅಂದರೆ ಅಂಚೆಯಲ್ಲಿ ಬಂದ ಸಲ್ಫ್‌ಎನ್‌ಬಿಕೆ ಕೆಟ್ಟದ್ದಾಗಿರಬಹುದು, ವಿಂಡೋಸಿನ ಕಮಾಂಡ್ ಫೋಲ್ಡರಿನಲ್ಲಿ ಮೊದಲಿನಿಂದ ಕೂತಿದ್ದ ಸಲ್ಫ್‌ಎನ್‌ಬಿಕೆ ಒಳ್ಳೆಯದು. ಹೆಸರು ಒಂದೇ, ಆಸಾಮಿ ಬೇರೆ. ಈ ಲೇಖನ ಅದರ ಬಗ್ಗೆಯೇ.

ಮರುವರ್ಷ, 2002ರಲ್ಲಿ, ಅದೇ ನಾಟಕ ಇನ್ನೊಮ್ಮೆ ನಡೆಯಿತು. ಈ ಸಲ ಜೆಡಿಬಿಜಿಎಂಜಿಆರ್.ಇಎಕ್ಸ್‌ಇ. ಅದು ಜಾವಾ ಪ್ರೋಗ್ರಾಮ್ ಬರೆಯುವವರಿಗೆ ಬೇಕಾದ ಮೈಕ್ರೋಸಾಫ್ಟ್‌ನದೇ ಫೈಲು. ಆದರೆ ಅದರ ಚಿತ್ರ ಮಕ್ಕಳ ಆಟದ ಕರಡಿ ಮರಿಯದ್ದು! ಗಂಭೀರ ಫೈಲುಗಳ ನಡುವೆ ಒಂದು ಬೂದು ಕರಡಿ ಮರಿ ಕೂತದ್ದನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹದಿನಾಲ್ಕು ದಿನ ಮಲಗಿದ್ದು ಆಮೇಲೆ ಏಳುತ್ತದೆ ಎಂಬ ಮಾತನ್ನು ನಂಬಿ ಅಳಿಸಿದರು. ಅದು ವೈರಸ್ ಅಲ್ಲ ಎಂದು ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಬರೆದು ತಿಳಿಸಬೇಕಾಯಿತು. ಅದನ್ನು ಅಳಿಸಿದ್ದರಿಂದ ಹೆಚ್ಚಿನವರಿಗೆ ತೊಂದರೆ ಆಗಲಿಲ್ಲ ಎಂಬುದು ಅದೃಷ್ಟ.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ನಮ್ಮ ಕುಂಬಳೆ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಒಳ್ಳೆಯ ಅರ್ಥಧಾರಿ. ಹಳೆಯ ತಾಳಮದ್ದಳೆಗಳ ಕ್ಯಾಸೆಟ್ಟುಗಳನ್ನು ಕಷ್ಟಪಟ್ಟು ಕಂಪ್ಯೂಟರಿಗೆ ಇಳಿಸಿಟ್ಟಿದ್ದರು. ಯಂತ್ರ ನಿಧಾನ ಆಯಿತೆಂದು ರಿಪೇರಿಗೆ ಕೊಟ್ಟಾಗ, ಅಂಗಡಿಯ ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದು, ಎಸ್‌ವಿಸಿಹೋಸ್ಟ್ ಎಂಬ ಒಂದೇ ಹೆಸರು ಏಳೆಂಟು ಸಲ ಇರುವುದನ್ನು ತೋರಿಸಿ, "ಇದೆಲ್ಲ ವೈರಸ್ ಮಾಷ್ಟ್ರೇ, ಫಾರ್ಮ್ಯಾಟ್ ಮಾಡದೆ ಬೇರೆ ದಾರಿ ಇಲ್ಲ" ಎಂದ. "ಒಳಗೆ ಇರುವುದೆಲ್ಲ ಹೋಗುತ್ತದಾ?" ಎಂದು ಇವರು ಕೇಳಿದರು. "ವೈರಸ್ ಹಿಡಿದದ್ದು ಇನ್ನು ಎಂತಕ್ಕೆ?" ಎಂದು ಉತ್ತರ. ಮೂಲ ಕ್ಯಾಸೆಟ್ಟುಗಳಿಗೆ ಅಷ್ಟರಲ್ಲೇ ಮಳೆಗಾಲದ ಬೂಷ್ಟು ಹಿಡಿದಾಗಿತ್ತು. ತೀರಿಹೋದ ಕಲಾವಿದರ ಸ್ವರ ಹಾಗೆ ಒಂದು ಮಧ್ಯಾಹ್ನದಲ್ಲಿ ಅಳಿದುಹೋಯಿತು.

ಆ ಏಳೆಂಟೂ ಅಸಲಿಯೇ ಆಗಿರುವ ಸಾಧ್ಯತೆ ಹೆಚ್ಚು. ವಿಂಡೋಸ್ 2000ದಿಂದ ಈಚೆಗೆ ಬಂದ ವಿಂಡೋಸಿನಲ್ಲಿ ಎಸ್‌ವಿಸಿಹೋಸ್ಟ್ ಎಂದರೆ ಬೇರೆ ಬೇರೆ ಸೇವೆಗಳನ್ನು ಹೊತ್ತು ನಡೆಸುವ ಆಳು. ನೆಟ್‌ವರ್ಕ್, ಸೌಂಡು, ಅಪ್‌ಡೇಟು, ಹೀಗೆ ಒಂದೊಂದು ಗುಂಪಿಗೆ ಒಂದೊಂದು ಪ್ರತಿ ಓಡುತ್ತದೆ. 2017ರಿಂದ ವಿಂಡೋಸ್ 10ರಲ್ಲಿ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಕಂಪ್ಯೂಟರುಗಳಲ್ಲಿ, ಹೆಚ್ಚಿನ ಸೇವೆಗಳಿಗೆ ಪ್ರತ್ಯೇಕ ಪ್ರತಿ ಕೊಟ್ಟಿದ್ದಾರೆ. ಹಾಗಾಗಿ ಈಗ ಹತ್ತಾರು ಕಂಡರೂ ಗಾಬರಿಪಡಬೇಕಾಗಿಲ್ಲ.

ಇನ್ನು ಕಳ್ಳರ ಕಡೆಯ ಚರಿತ್ರೆ. ವೇಷ ಹಾಕುವುದು ವೈರಸ್ಸುಗಳಿಗೆ ಹುಟ್ಟುಗುಣ. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಾದ ಬಾಸಿತ್ ಮತ್ತು ಅಮ್ಜದ್ ಅಲ್ವಿ ಬರೆದ 'ಬ್ರೇನ್' ಫ್ಲಾಪಿಯ ಮೊದಲ ಭಾಗದಲ್ಲಿ, ಅಂದರೆ ಬೂಟ್ ಸೆಕ್ಟರಿನಲ್ಲಿ, ಕೂರುತ್ತಿತ್ತು. ಅಸಲಿಯನ್ನು ಬೇರೆ ಕಡೆ ಎತ್ತಿಡುತ್ತಿತ್ತು. ವೈರಸ್ ಎಚ್ಚರ ಇರುವಾಗ ಯಾರಾದರೂ ಆ ಜಾಗವನ್ನು ಓದಹೋದರೆ ಎತ್ತಿಟ್ಟ ಅಸಲಿಯನ್ನೇ ತೋರಿಸುತ್ತಿತ್ತು! ತಮಾಷೆಯೆಂದರೆ ಅದನ್ನು ಬರೆದವರು ಮಾತ್ರ ಅಡಗಿಕೊಳ್ಳಲಿಲ್ಲ. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಬರೆದಿದ್ದರು.

2000ದ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ಎರಡು ವೇಷ ಹಾಕಿತು. ಅಂಚೆಯಲ್ಲಿ ಬರುವಾಗ ಪ್ರೇಮಪತ್ರ. ಫೈಲಿನ ಹೆಸರಿನ ಕೊನೆಗೆ .ಟಿಎಕ್ಸ್‌ಟಿ.ವಿಬಿಎಸ್ ಎಂದು ಎರಡು ಬಾಲ. ವಿಂಡೋಸ್ ತನಗೆ ಗೊತ್ತಿರುವ ಬಾಲವನ್ನು ಮುಚ್ಚಿಡುವುದರಿಂದ ಕೊನೆಯ ವಿಬಿಎಸ್ ಮಾಯವಾಗಿ, ನೋಡುವವರಿಗೆ ಬಡಪಾಯಿ ಟೆಕ್ಸ್ಟ್ ಫೈಲಿನಂತೆ ಕಾಣುತ್ತಿತ್ತು. ಮನೆಯೊಳಗೆ ಬಂದ ಮೇಲೆ ಸಿಸ್ಟಮ್ ಫೋಲ್ಡರಿನಲ್ಲಿ ಎಂಎಸ್‌ಕರ್ನಲ್32 ಎಂದೂ, ವಿಂಡೋಸ್ ಫೋಲ್ಡರಿನಲ್ಲಿ ವಿನ್32ಡಿಎಲ್‌ಎಲ್ ಎಂದೂ ತನ್ನ ನಕಲು ಮಾಡಿಟ್ಟುಕೊಂಡಿತು. ಕೇಳಿದರೆ ಸರಕಾರಿ ಹುದ್ದೆಯ ಹಾಗೆ ಇರುವ ಹೆಸರುಗಳು. ಯಾರು ಕೈ ಹಚ್ಚಿಯಾರು?

2003ರ ಆಗಸ್ಟಿನಲ್ಲಿ ಬಂದ ವೆಲ್ಚಿಯಾ ಎಂಬ ವರ್ಮ್ ಈ ಕಸುಬಿನಲ್ಲಿ ಇನ್ನೂ ಮುಂದೆ ಹೋಯಿತು. ಅದು ಹೆಸರನ್ನು ಹೋಲುವಂತೆ ಮಾಡಲಿಲ್ಲ, ಹೆಸರನ್ನೇ ತೆಗೆದುಕೊಂಡಿತು. ಅಸಲಿ ಡಿಎಲ್‌ಎಲ್‌ಹೋಸ್ಟ್.ಇಎಕ್ಸ್‌ಇ ಸಿಸ್ಟಮ್32 ಫೋಲ್ಡರಿನಲ್ಲಿ ಇರುತ್ತದೆ. ಇದು ಅದೇ ಹೆಸರಿಟ್ಟುಕೊಂಡು ಅದರೊಳಗಿನ ವಿನ್ಸ್ ಎಂಬ ಫೋಲ್ಡರಿಗೆ ಹೋಗಿ ಕೂತಿತು. ಪಕ್ಕದಲ್ಲಿ ಎಸ್‌ವಿಸಿಹೋಸ್ಟ್ ಎಂಬ ಹೆಸರಿನಲ್ಲಿ ಇನ್ನೊಂದು ಫೈಲು. ವಿಚಿತ್ರವೆಂದರೆ ಈ ವರ್ಮ್ ತನ್ನನ್ನು ಉಪಕಾರಿ ಎಂದು ತಿಳಿದಿತ್ತು. ಕೆಲವೇ ದಿನ ಮೊದಲು ಬಂದಿದ್ದ ಬ್ಲಾಸ್ಟರ್ ಎಂಬ ವರ್ಮನ್ನು ಅಳಿಸಿ, ಮೈಕ್ರೋಸಾಫ್ಟ್‌ನ ತೇಪೆಯನ್ನು ಇಳಿಸಿ ಹಚ್ಚಲು ನೋಡುತ್ತಿತ್ತು. ಆ ಗಡಿಬಿಡಿಯಲ್ಲಿ ನೆಟ್‌ವರ್ಕುಗಳೇ ಕಟ್ಟಿ ನಿಂತವು. ಕರೆಯದೆ ಬಂದು ಬಾವಿ ಶುದ್ಧ ಮಾಡಹೊರಟವನು ನೀರನ್ನು ಕದಡಿದಂತೆ ಆಯಿತು.

ನಮ್ಮ ಕಡೆಗೆ ಈ ರೋಗ ಹೆಚ್ಚಾಗಿ ಬಂದದ್ದು ಪೆನ್‌ಡ್ರೈವಿನಲ್ಲಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಸ್ಮರಣ ಸಂಚಿಕೆ, ಏನೇ ಇದ್ದರೂ ಪೆನ್‌ಡ್ರೈವಿಗೆ ಹಾಕಿ ಡಿಟಿಪಿ ಅಂಗಡಿಗೆ ಹೋಗುವುದು ಪದ್ಧತಿ. ಬರುವಾಗ ಜೊತೆಯಲ್ಲಿ 'ನ್ಯೂ ಫೋಲ್ಡರ್' ಎಂಬ ಅತಿಥಿ. ಹಳದಿ ಫೋಲ್ಡರಿನ ಚಿತ್ರ, ಒಳಗೆ ಇಎಕ್ಸ್‌ಇ. ಎಂತ ಉಂಟು ನೋಡುವ ಎಂದು ಎರಡು ಸಲ ಒತ್ತಿದರೆ ಮುಗಿಯಿತು. ಕೆಲವು ವೈರಸ್ಸುಗಳು ಅಕ್ಷರ ಪಲ್ಲಟ ಮಾಡುತ್ತಿದ್ದವು: ಎಸ್-ವಿ-ಸಿ-ಹೋಸ್ಟ್ ಇದ್ದದ್ದು ಎಸ್-ಸಿ-ವಿ-ಹೋಸ್ಟ್. ಅವಸರದ ಕಣ್ಣಿಗೆ ಅದು ಸಿಗುವುದಿಲ್ಲ. ಈ ವಿಷಯದಲ್ಲಿ ಕೇರಳದ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳಿಗೆ ಒಂದು ಅನುಕೂಲ ಇತ್ತು. ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ ಶಾಲೆಗಳಿಗೆ ಬಂದದ್ದು ಗ್ನೂ ಲಿನಕ್ಸ್. ಅಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಆ 'ಫೋಲ್ಡರು' ತನ್ನ ಪೂರ್ತಿ ಹೆಸರು, ಬಾಲ ಸಮೇತ ತೋರಿಸಿಕೊಂಡು ಸುಮ್ಮನೆ ಬಿದ್ದಿರುತ್ತದೆ. ರಂಗಸ್ಥಳದ ಸನ್ಯಾಸಿಯನ್ನು ಚೌಕಿಯಲ್ಲಿ ನೋಡಿದ ಹಾಗೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ದಮಯಂತಿಯ ಸ್ವಯಂವರದಲ್ಲಿ ಐವರು ನಳರು ಸಾಲಾಗಿ ಕೂತಿದ್ದರು. ನಾಲ್ವರು ದೇವತೆಗಳು, ಒಬ್ಬ ಅಸಲಿ. ಮುಖ ನೋಡಿ ಆರಿಸುತ್ತೇನೆಂದು ಹೊರಟಿದ್ದರೆ ಆಕೆ ಸೋಲುತ್ತಿದ್ದಳು. ಆಕೆ ನೋಡಿದ್ದು ಬೇರೆ ಲಕ್ಷಣಗಳನ್ನು: ಯಾರು ಬೆವರುತ್ತಾನೆ, ಯಾರ ರೆಪ್ಪೆ ಮಿಟುಕುತ್ತದೆ, ಯಾರ ಹಾರ ಬಾಡಿದೆ, ಯಾರಿಗೆ ನೆರಳುಂಟು, ಯಾರ ಕಾಲು ನೆಲಕ್ಕೆ ಮುಟ್ಟಿದೆ. ಫೈಲಿನ ವಿಷಯದಲ್ಲಿಯೂ ಹೆಸರು ಮತ್ತು ಚಿತ್ರ ಎರಡನ್ನೂ ಬದಿಗಿಡಬೇಕು. ಮೊದಲನೆಯ ಲಕ್ಷಣ ಜಾಗ. ಟಾಸ್ಕ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಫೈಲು ಇರುವ ಜಾಗ ತೆರೆಯುವ ಆಯ್ಕೆ ಬರುತ್ತದೆ. ಎಸ್‌ವಿಸಿಹೋಸ್ಟ್ ವಿಂಡೋಸಿನ ಸಿಸ್ಟಮ್32ರಲ್ಲಿ, 64 ಬಿಟ್ ಯಂತ್ರವಾದರೆ ಸಿಸ್‌ವೌ64ರಲ್ಲಿಯೂ ಇರುವುದು ಸಹಜ. ಟೆಂಪ್ ಫೋಲ್ಡರಿನಲ್ಲಿ, ಡೌನ್‌ಲೋಡಿನಲ್ಲಿ, ಪೆನ್‌ಡ್ರೈವಿನಲ್ಲಿ ಅದಕ್ಕೆ ಎಂತ ಕೆಲಸ? ಎರಡನೆಯದು ಸಹಿ. 1996ರಿಂದ ಮೈಕ್ರೋಸಾಫ್ಟ್ ಪ್ರೋಗ್ರಾಮುಗಳಿಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆ ತಂದಿತು. ಫೈಲಿನ ಪ್ರಾಪರ್ಟೀಸಿನಲ್ಲಿ ಅದನ್ನು ನೋಡಬಹುದು. ಆದರೆ ಅಲ್ಲಿ ಸಹಿ ಕಾಣಲಿಲ್ಲ ಎಂದು ಕೂಡಲೇ ನಕಲಿ ಎನ್ನಬಾರದು. ವಿಂಡೋಸಿನ ಎಷ್ಟೋ ಅಸಲಿ ಫೈಲುಗಳ ಸಹಿ ಫೈಲಿನಲ್ಲಿ ಇರದೆ ಪ್ರತ್ಯೇಕ ಪಟ್ಟಿಯೊಂದರಲ್ಲಿ ಇರುತ್ತದೆ. ಮೂರನೆಯದು ಹತ್ತು ಜನರ ಅಭಿಪ್ರಾಯ. 2004ರಲ್ಲಿ ಸ್ಪೇನಿನಲ್ಲಿ ಶುರುವಾದ, 2012ರಲ್ಲಿ ಗೂಗಲ್ ಕೊಂಡುಕೊಂಡ ವೈರಸ್ ಟೋಟಲ್‌ಗೆ ಸಂಶಯದ ಫೈಲನ್ನು ಕೊಟ್ಟರೆ, ಹತ್ತಾರು ಆಂಟಿವೈರಸ್‌ಗಳು ಏನು ಹೇಳುತ್ತವೆಂದು ಒಟ್ಟಿಗೆ ತಿಳಿಯುತ್ತದೆ. ಅಲ್ಲಿಗೆ ಕೊಟ್ಟದ್ದು ಹೊರಗಿನವರಿಗೂ ಸಿಗಬಹುದು. ಮನೆಯ ಕಾಗದಪತ್ರ ಹಾಕಬಾರದು.

ಒಂದೇ ಲಕ್ಷಣವನ್ನು ನಂಬಿದರೆ ದೊಡ್ಡವರೂ ಎಡವುತ್ತಾರೆ ಎಂಬುದಕ್ಕೆ 2010ನೇ ವರ್ಷ ಎರಡು ಸಾಕ್ಷಿ ಕೊಟ್ಟಿತು. ಆ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್ಸಿನ 5958ನೇ ಅಪ್‌ಡೇಟು, ವಿಂಡೋಸ್ ಎಕ್ಸ್‌ಪಿ ಮೂರನೆಯ ಸರ್ವಿಸ್ ಪ್ಯಾಕಿನ ಅಸಲಿ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ಹಿಡಿಯಿತು. ಕಚೇರಿ, ಆಸ್ಪತ್ರೆ, ಕಾಲೇಜುಗಳ ಕಂಪ್ಯೂಟರುಗಳು ಮತ್ತೆ ಮತ್ತೆ ಆರಿ ಹೊತ್ತಿದವು, ನೆಟ್‌ವರ್ಕು ಕಡಿದುಹೋಯಿತು. ಕಾವಲುಗಾರ ಮನೆಯ ಯಜಮಾನನನ್ನೇ ಕಳ್ಳ ಎಂದು ಕಟ್ಟಿಹಾಕಿದ ಹಾಗೆ. ಅದೇ ವರ್ಷದ ಜೂನಿನಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇದಕ್ಕೆ ತಲೆಕೆಳಗು. ಅದರ ಡ್ರೈವರ್ ಫೈಲುಗಳಿಗೆ ತೈವಾನಿನ ರಿಯಲ್‌ಟೆಕ್ ಕಂಪೆನಿಯ ನಿಜವಾದ ಸಹಿ ಇತ್ತು. ಅದನ್ನು ರದ್ದು ಮಾಡಿದ ಮೇಲೆ ಜೆಮೈಕ್ರಾನ್ ಕಂಪೆನಿಯ ಸಹಿಯೊಂದಿಗೆ ಇನ್ನೊಂದು ಸಿಕ್ಕಿತು. ಸಹಿ ಅಸಲಿ, ಹಾಕಿದ ಕೈ ಮಾತ್ರ ಕಳ್ಳನದು. ಆದ್ದರಿಂದ ಲಕ್ಷಣಗಳನ್ನು ಒಟ್ಟುಮಾಡಿ ನೋಡಬೇಕು.

ಜನರ ಈ ಗೊಂದಲ ವ್ಯಾಪಾರಕ್ಕೂ ಬಂತು. ಸುಮಾರು ಹದಿನೈದು ವರ್ಷಗಳ ಹಿಂದೆ ಇಂಗ್ಲೆಂಡ್, ಅಮೆರಿಕದ ಮನೆಗಳಿಗೆ ಮೈಕ್ರೋಸಾಫ್ಟ್‌ನವರೆಂದು ಹೇಳಿಕೊಂಡು ಕರೆ ಮಾಡಿ, ಈವೆಂಟ್ ವ್ಯೂವರ್ ತೆರೆಸಿ, ಅಲ್ಲಿ ಯಾವ ಕಂಪ್ಯೂಟರಿನಲ್ಲಿಯೂ ಇರುವ ಕೆಂಪು, ಹಳದಿ ಗುರುತುಗಳನ್ನು ವೈರಸ್ ಎಂದು ಹೆದರಿಸಿ ಹಣ ಕೀಳುವ ದಂಧೆ ಬೆಳೆಯಿತು. ಇಂಥ ಕರೆಗಳಲ್ಲಿ ಅನೇಕವು ನಮ್ಮ ದೇಶದ ಕಾಲ್ ಸೆಂಟರುಗಳಿಂದಲೇ ಹೋದವು ಎಂಬುದು ನಾಚಿಕೆಯ ಮಾತು. ಮೋಸ ಹೋದವರಲ್ಲಿ ಮುದುಕರು ಹೆಚ್ಚು. ಕರಡಿ ಮರಿಯ ಇ-ಮೇಲಿನಲ್ಲಿ ಇದ್ದದ್ದೂ ಇದೇ ತಂತ್ರ; ಅಲ್ಲಿ ಫೈಲು ಹೋಯಿತು, ಇಲ್ಲಿ ದುಡ್ಡು.

ವಿಂಡೋಸ್ ಕೂಡ ಈ ಚರಿತ್ರೆಯಿಂದ ಪಾಠ ಕಲಿತಿದೆ. 2000ದ ಆವೃತ್ತಿಯಿಂದ ಮುಖ್ಯ ಫೈಲುಗಳು ಅಳಿದರೆ ತಾನೇ ತಿರುಗಿ ತಂದಿಡುವ ವ್ಯವಸ್ಥೆ ಬಂತು. ವಿಸ್ತಾದಿಂದ ಈಚೆಗೆ ಅವುಗಳನ್ನು ಸುಲಭದಲ್ಲಿ ಮುಟ್ಟಲಿಕ್ಕೇ ಬಿಡುವುದಿಲ್ಲ. ಸಂಶಯ ಇದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್‌ನೌ ಎಂಬ ಆಜ್ಞೆ ಕೊಟ್ಟರೆ (ಎರಡು ಪದಗಳ ನಡುವೆ ಒಂದು ಜಾಗ ಬಿಟ್ಟು ಓರೆ ಗೆರೆ ಹಾಕಬೇಕು) ಅದು ಕೆಟ್ಟದ್ದನ್ನು ಹುಡುಕಿ ಸರಿಪಡಿಸಲು ನೋಡುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಫಾರ್ಮ್ಯಾಟ್ ಮಾಡಬೇಕಾಗಿಲ್ಲ.

ನಮ್ಮ ವಾಚನಾಲಯದ ಬಳಗಕ್ಕೆ ನಾನು ಹೇಳುವುದು ಇಷ್ಟು. ಫೈಲಿನ ಹೆಸರು ಕೇಳಿ ಯಾರಾದರೂ ಹೆದರಿಸಿದರೆ, ಅದು ಎಲ್ಲಿ ಉಂಟು, ಯಾರ ಸಹಿ ಉಂಟು ಎಂದು ತಿರುಗಿ ಕೇಳಿ. ಉತ್ತರ ಬರುವ ತನಕ ಏನನ್ನೂ ಅಳಿಸಲು ಒಪ್ಪಬೇಡಿ. ಮನೆಯಲ್ಲಿ ಹಳೆಯ ಸ್ವರ, ಹಳೆಯ ಚಿತ್ರ, ಕೈಬರಹದ ಪ್ರಸಂಗದ ಪ್ರತಿ ಇದ್ದವರು ಅದರ ಇನ್ನೊಂದು ನಕಲನ್ನು ಬೇರೆ ಡಿಸ್ಕಿಗೆ ಹಾಕಿ ಬೇರೆ ಮನೆಯಲ್ಲಿ ಇಡಿ. ಮಾಷ್ಟ್ರ ಮನೆಯಲ್ಲಿ ಹೋದದ್ದು ಇನ್ನು ಬರುವುದಿಲ್ಲ. ಉಳಿದವರ ಮನೆಯಲ್ಲಿ ಇರುವುದು ಇನ್ನೂ ಉಂಟು.